ಪುಣೆಗೆ ಹೋದ ಡಬ್ಬಿ

೨೦೦೧ನೇ ಇಸವಿ, ನವೆಂಬರ್ ೨೬, ಸೋಮವಾರ. ಬೆಳಗಾವಿಯ ಪೇಟೆ ಠಾಣೆಗೆ ಪಿಎಸ್‌ಐ ಸಿದರಾಯ ಬಂದು ಇನ್ನೂ ಟೋಪಿ ತೆಗೆದಿರಲಿಲ್ಲ, ಆಗಲೇ ಬೆಂಚಿನ ಮೇಲೆ ಇಬ್ಬರು ಕಾಯುತ್ತಿದ್ದರು. ಒಬ್ಬ ಇಸ್ತ್ರಿ ಅಂಗಿಯ ಅನಿಕೇತ, ರವಿವಾರ ಪೇಟೆಯಲ್ಲಿ ಪಾತ್ರೆ-ಭಾಂಡೆ ಅಂಗಡಿ ಇಟ್ಟಿರುವ ಬಾಳಾಸಾಹೇಬರ ಮಗ. ಇನ್ನೊಬ್ಬ ಕೊರಿಯರ್ ಕಂಪನಿಯ ಪಾರ್ಸೆಲ್ ಹೊರುವ ಕಲ್ಮೇಶ. ಅವನ ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿತ್ತು. ಅನಿಕೇತನೇ ಅವನ ಕೊರಳಪಟ್ಟಿ ಹಿಡಿದು ಪೇಟೆಯ ನಡುವೆ ಎಳೆದುಕೊಂಡು ಬಂದಿದ್ದ.

"ಕಳವು ಆಗೇತ್ರಿ ಸಾಹೇಬ್ರ. ಇಂವನ ಮಾಡ್ಯಾನ."

"ಯಾರು ಮಾಡ್ಯಾರ ಅನ್ನೂದು ಆಮ್ಯಾಲ. ಏನ ಹೋಗೇತಿ, ಅದನ್ನ ಮೊದ್ಲ ಹೇಳ್ರಿ."

ಅನಿಕೇತ ಹೇಳಿದ. ಹಳ್ಳಿಯವರು ಹಳೆಯ ಹಿತ್ತಾಳೆ ತಂದು ಕೊಟ್ಟು ಹೊಸ ಸ್ಟೀಲ್ ಪಾತ್ರೆ ಒಯ್ಯುವುದು ಅವರ ಅಂಗಡಿಯ ಹಳೆಯ ವ್ಯವಹಾರ. ಬಂದ ಹಿತ್ತಾಳೆಯನ್ನು ಅಪ್ಪ ಕರಗಿಸಲು ಕಳಿಸುತ್ತಿದ್ದರು. ಮಗ ಅದರಲ್ಲಿ ಚೆಂದದ್ದನ್ನು ಆರಿಸಿ, ಅಟ್ಟದ ಮೇಲೊಂದು ಕಂಪ್ಯೂಟರ್ ಇಟ್ಟು, ಇಂಟರ್ನೆಟ್ಟಿನಲ್ಲಿ ಹರಾಜಿಗೆ ಹಾಕತೊಡಗಿದ. ದೂರದ ಊರುಗಳ ಜನ ಮುಖ ನೋಡದೆ ಕೊಳ್ಳುತ್ತಿದ್ದರು, ಇವನು ಮುಖ ನೋಡದೆ ಕಳಿಸುತ್ತಿದ್ದ. ಈಚೆಗೆ ಪುಣೆಯ ಒಬ್ಬ ನಿವೃತ್ತ ಎಂಜಿನಿಯರ್ ಕೆತ್ತನೆಯ ಹಳೆಯ ಹಿತ್ತಾಳೆ ಡಬ್ಬಿಯೊಂದನ್ನು ಕೊಂಡಿದ್ದ. ಪಾರ್ಸೆಲ್ ಬಿಚ್ಚಿದರೆ ಹೊಚ್ಚ ಹೊಸ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಹಳದಿ ಪುಡಿ.

ಅಮೆರಿಕದಲ್ಲಿ ಯಾರೋ ಲಕೋಟೆಯಲ್ಲಿ ರೋಗದ ಪುಡಿ ತುಂಬಿ ಕಳಿಸುತ್ತಿದ್ದಾರೆಂದು ಪತ್ರಿಕೆಗಳು ದಿನಾ ಬರೆಯುತ್ತಿದ್ದ ಕಾಲ ಅದು. ಎಂಜಿನಿಯರ್ ಡಬ್ಬಿಯ ಮೇಲೆ ಬಕೆಟ್ಟು ಕವುಚಿ, ಹೆಂಡತಿಯ ಕೈ ಹಿಡಿದುಕೊಂಡು ಮನೆಯಿಂದ ಹೊರಗೆ ಓಡಿ ಪೊಲೀಸರಿಗೆ ಫೋನ್ ಮಾಡಿದ. ಪೊಲೀಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ಪುಡಿಯನ್ನು ಪ್ರಯೋಗಾಲಯಕ್ಕೆ ಒಯ್ದರು. ಅರಿಶಿನ ಎಂದು ವರದಿ ಬಂತು. ಭಯ ಇಳಿದ ಮೇಲೆ ಎಂಜಿನಿಯರನಿಗೆ ಸಿಟ್ಟು ಏರಿತು. ಬೆಳಗಾವಿಯ ವ್ಯಾಪಾರಿ ಮೋಸಗಾರನೆಂದು ಅವನು ಆ ಹರಾಜಿನ ಜಾಗದಲ್ಲೇ ಎಲ್ಲರಿಗೂ ಕಾಣುವಂತೆ ಬರೆದ.

"ನನ್ನ ಹೆಸರ ಹೋತ್ರಿ," ಎಂದ ಅನಿಕೇತ. "ಈ ಧಂದೇದಾಗ ನಾ ಯಾರನ್ನೂ ನಂಬೂದಿಲ್ಲ. ಹ್ವಾದ ವರ್ಷ ಒಬ್ಬಾಂವ, ಬರೀ ಪೆಟ್ಟಿಗಿ ಬಂತು ಅಂತ ಸುಳ್ಳ ಹೇಳಿ ರೊಕ್ಕಾ ವಾಪಸ್ ತಗೊಂಡ. ಆವತ್ತಿಂದ ಸಾಮಾನಿನ ಫೋಟೋ ತಗೀತೀನಿ. ಪೆಟ್ಟಿಗ್ಯಾಗ ಹಾಕಿ ತೂಕ ಮಾಡ್ತೀನಿ. ಕಾಟಾ ಮ್ಯಾಲ ಇದ್ದಾಗ ಮತ್ತೊಂದ ಫೋಟೋ. ಪಟ್ಟಿ ಅಂಟಿಸಿ ಸಹಿ ಮಾಡ್ತೀನಿ. ಮ್ಯಾಲ ಬಟ್ಟಿ ಹೊಲಿಸಿ ಅರಗಿನ ಸೀಲ್ ಹಾಕ್ತೀನಿ. ವಿಮಾ ಇಳಿಸಿರ್ತೀನಿ. ತಗೊಂಡಾಂವ ಸಹಿ ಹಾಕಿದ್ರನ ಕೊಡ್ರಿ ಅಂತ ಬರದಿರ್ತೀನಿ. ಇನ್ನೇನ ಮಾಡಬೇಕ್ರಿ ಮನುಷ್ಯಾ?"

ನಮ್ಮ ಠಾಣೆಯಲ್ಲಿ ಜಪ್ತಿ ಮಾಡಿದ ಮುದ್ದೆಮಾಲನ್ನೂ ಇಷ್ಟು ಜೋಪಾನವಾಗಿ ಕಟ್ಟುವುದಿಲ್ಲವಲ್ಲ ಎಂದು ಸಿದರಾಯನಿಗೆ ಒಳಗೊಳಗೇ ನಾಚಿಕೆಯಾಯಿತು.

"ಪುಣೇದಾಗ ಮುಟ್ಟಿದಾಗ ಸೀಲ್ ಹೆಂಗಿತ್ತು?"

"ಹಾಕಿದಂಗ ಇತ್ತಂತ. ಇಂವಾ ಕರಗಿಸಿ ಮತ್ತ ಹಾಕ್ಯಾನ."

ಕಲ್ಮೇಶ ತಲೆ ಎತ್ತಲಿಲ್ಲ. ಬೆಳಿಗ್ಗೆ ೧೦-೪೦ಕ್ಕೆ ಎಫ್‌ಐಆರ್ ದಾಖಲಾಯಿತು: ಕಳವು ಮತ್ತು ವಂಚನೆ, ಸಂಶಯಿತ ಆರೋಪಿ ಕಲ್ಮೇಶ. ಮಧ್ಯಾಹ್ನದೊಳಗೆ ಕೊರಿಯರ್ ಕಂಪನಿಯ ಮ್ಯಾನೇಜರು ಫೋನ್ ಮಾಡಿ, ಕೇಸು ಮುಗಿಯುವವರೆಗೆ ಅವನು ಕೆಲಸಕ್ಕೆ ಬರುವುದು ಬೇಡ ಎಂದ. ತಪ್ಪು ಸಾಬೀತಾಗುವ ಮೊದಲೇ ಅನ್ನ ಕಿತ್ತುಕೊಳ್ಳುವುದರಲ್ಲಿ ನಮ್ಮ ಜನ ಎಂದೂ ತಡ ಮಾಡುವುದಿಲ್ಲ.

ಸಿದರಾಯ ಕಲ್ಮೇಶನನ್ನು ಒಳಗೆ ಕರೆದು ಕೂರಿಸಿಕೊಂಡ. ಹೆಡ್ ಕಾನ್‌ಸ್ಟೆಬಲ್ ಭರಮಪ್ಪ ಬಾಗಿಲ ಬಳಿ ನಿಂತ. ಮೇಜಿನ ಮೇಲೆ ಎರಡು ಚೀಟಿಗಳಿದ್ದವು. ಅನಿಕೇತನ ಚೀಟಿಯಲ್ಲಿ ಪಾರ್ಸೆಲ್ಲಿನ ತೂಕ ಒಂದು ಕಿಲೋ ನಾನೂರು ಗ್ರಾಂ. ಕಲ್ಮೇಶ ಬರೆದ ಕೊರಿಯರ್ ರಸೀತಿಯಲ್ಲಿ ಒಂದು ಕಿಲೋ ಐವತ್ತು.

"ಈ ತೂಕ ಯಾರ ಬರದದ್ದು?"

"ನಾನ ರೀ."

"ಅವರ ಚೀಟಿ ನೋಡಿದ್ಯಾ?"

"ಇಲ್ರಿ. ಕಾಟಾ ಮ್ಯಾಲ ಇಟ್ನಿ, ಬಂದದ್ದ ಬರದ್ನಿ."

"ದಾರ್ಯಾಗ ಎಲ್ಲಿ ಇಳದಿ?"

"ಎಲ್ಲೂ ಇಲ್ರಿ. ಅಂಗಡಿಯಿಂದ ಸೀದಾ ಆಫೀಸು." ಅವನೇ ಮುಂದುವರಿಸಿದ. "ಎರಡ ವರ್ಷದಿಂದ ದಿನಾ ಸಂಜೀಕ ಅವರ ಅಂಗಡ್ಯಾಗ ಚಾ ಕುಡೀತಿದ್ನಿ ಸಾಹೇಬ್ರ. ಇವತ್ತ ಮಂದಿ ಮುಂದ ಕೊಳ್ಳಪಟ್ಟಿ ಹಿಡದ್ರು. ಒಂದ ಮಾತ ಕೇಳಬೇಕಿತ್ತಲ್ರಿ ನನಗ."

ಅವನನ್ನು ಹೊರಗೆ ಕಳಿಸಿದ ಮೇಲೆ ಭರಮಪ್ಪ, "ತೂಕ ಬರದಾಂವನೂ ಇಂವನ, ಒಯ್ದಾಂವನೂ ಇಂವನ," ಎಂದ.

"ಅದಕ್ಕ ಇಂವಾ ಅಲ್ಲ ಅನಸ್ತೈತಿ. ಮಾಲ ಕದ್ದಾಂವ ಅಂಗಡಿ ಚೀಟಿ ನೋಡಿ ಅದ ತೂಕ ಬರೀತಿದ್ದ. ಕಡಿಮಿ ಬರದು ತನ್ನ ಕೊಳ್ಳಿಗೆ ತಾನ ಹಗ್ಗಾ ಹಾಕೋತಾನೇನು? ಡಬ್ಬಿ ಇಂವನ ಕೈಗೆ ಬರೂಕಿಂತ ಮೊದ್ಲ ಬದಲಾಗೇತಿ. ಸೀಲ್ ಹಾಕೂಕಿಂತ ಮೊದ್ಲ." ಸಿದರಾಯ ಪುಣೆ ಪೊಲೀಸರಿಗೆ ಒಂದು ಪತ್ರ ಬರೆಸಿದ. "ನೀವ ರಾತ್ರಿ ಬಸ್ಸಿಗೆ ಹೋಗಿ ಆ ಡಬ್ಬಿ ತಗೊಂಡ ಬರ್ರಿ."

ಭರಮಪ್ಪ ಬುಧವಾರ ಮಧ್ಯಾಹ್ನ ಮರಳಿದ. ಸಾಕ್ಷಿಗೆ ಕರೆದ ಇಬ್ಬರು ಪಂಚರ ಎದುರಿಗೆ ಪುಣೆಯ ಸೀಲ್ ಒಡೆದರು. ಒಳಗಿದ್ದದ್ದು ಅಂಗೈ ಅಗಲದ ಹೊಸ ಹಿತ್ತಾಳೆ ಡಬ್ಬಿ. ಜೊತೆಗೆ ಮುಚ್ಚಳಕ್ಕೆ ಸುತ್ತಿದ್ದ ಎರಡೆಳೆ ಕರಿ ದಾರವನ್ನೂ ಪುಣೆಯವರು ಬಿಸಾಡದೆ ಚೀಟಿ ಹಚ್ಚಿ ಇಟ್ಟಿದ್ದರು. ಸಿದರಾಯ ಅದನ್ನು ಬೆರಳಲ್ಲಿ ಹೊಸೆದು ನೋಡಿದ. ನೂಲಲ್ಲ, ಕುರಿಯ ಉಣ್ಣೆ. ಡಬ್ಬಿಯ ಮುಚ್ಚಳ ತೆರೆದ. ಪ್ರಯೋಗಾಲಯದವರು ಎಷ್ಟು ಕೆರೆದುಕೊಂಡಿದ್ದರೂ ತಳದಲ್ಲಿ ಒಂದಿಷ್ಟು ಹಳದಿ ಉಳಿದಿತ್ತು. ಅವನ ಬಲಗೈ ತಾನಾಗಿಯೇ ಹಣೆಗೆ ಹೋಯಿತು, ಅರ್ಧಕ್ಕೆ ನಿಂತಿತು. ಪಂಚರು ನೋಡುತ್ತಿದ್ದರು.

ಪಂಚನಾಮೆ ಮುಗಿದು ಅವರು ಹೋದ ಮೇಲೆ ಅವನು ಭರಮಪ್ಪನಿಗೆ ಹೇಳಿದ: "ಇದು ಅಡಿಗಿ ಅರಿಷಿಣ ಅಲ್ಲ. ಭಂಡಾರ."

ಸಿದರಾಯ ಸವದತ್ತಿ ಕಡೆಯ ಕುರುಬರ ಮನೆಯವನು. ಅಪ್ಪನ ಕಾಲಕ್ಕೆ ಕುರಿ ಇದ್ದವು, ಇವನ ಕಾಲಕ್ಕೆ ಸಂಬಳ ಬಂತು. ಬೀರದೇವರ ಮುಂದೆ ಇಟ್ಟ ಅರಿಶಿನವೇ ಭಂಡಾರ. ಕುರಿ ಹೊರಟಾಗ, ಮಗಳು ಗಂಡನ ಮನೆಗೆ ಹೊರಟಾಗ, ಮಗ ಪೊಲೀಸ್ ತರಬೇತಿಗೆ ಹೊರಟಾಗ ಹಿರಿಯರು ಡಬ್ಬಿ ತೆಗೆದು ಹಣೆಗೆ ಹಚ್ಚಬೇಕು. ಅವನ ಮನೆಯಲ್ಲಿ ಆ ಡಬ್ಬಿಯನ್ನು ಎಂದೂ ಬರಿದಾಗಿ ಕೈಯಿಂದ ಕೈಗೆ ಕೊಟ್ಟವರಿಲ್ಲ. ಚಿಟಿಕೆಯಾದರೂ ಹಾಕಿ, ಉಣ್ಣೆ ಸುತ್ತಿಯೇ ಕೊಡುವುದು.

"ಕಳ್ಳ ಡಬ್ಬಿ ಬದಲ ಮಾಡ್ತಾನ, ಖರೇ," ಎಂದ ಸಿದರಾಯ. "ಆದ್ರ ಬರೀ ಡಬ್ಬಿ ಕೊಡಬಾರದು ಅಂತ ದೇವರಿಗೆ ಅಂಜಿ ಭಂಡಾರ ಹಾಕಿ ಕಳಸ್ತಾನೇನು? ಇದು ಕಳ್ಳರ ಕೈ ಅಲ್ಲ, ಭರಮಪ್ಪ. ಮನಿತನಸ್ಥರ ಕೈ."

ಡಬ್ಬಿಯನ್ನು ಮಗುಚಿ ಹಾಕಿದ. ತಳದಲ್ಲಿ ಅಂಗಡಿಯ ಮುದ್ರೆ ಇತ್ತು. ಅದು ಬಾಳಾಸಾಹೇಬರ ಅಂಗಡಿಯದೇ.

ಸಂಜೆ ಅನಿಕೇತನನ್ನು ಕರೆಸಿದರು. ಡಬ್ಬಿ ಮೇಜಿನ ಮೇಲಿತ್ತು. ಅದನ್ನು ನೋಡುತ್ತಲೇ ಅವನ ಮುಖ ಇಳಿದುಹೋಯಿತು.

"ನಿಮ್ಮ ಅಂಗಡೀದ ಐತಲ್ರಿ?"

"ಇಂಥಾವು ಭಾಳ ಮಾರ್ತೀವ್ರಿ."

"ಇದನ್ನ ಯಾರಿಗೆ ಮಾರಿದ್ರಿ?"

"ನೆನಪಿಲ್ರಿ." ಅವನು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. "ಸಾಹೇಬ್ರ, ಹೋಗ್ಲಿ ಬಿಡ್ರಿ. ಪುಣೆಯವರ ರೊಕ್ಕಾ ನಾ ವಾಪಸ್ ಕೊಡ್ತೀನಿ. ಕೇಸ್ ಹಿಂದ ತಗೋತೀನಿ."

ಸೋಮವಾರ ಹೆಸರು ಹೋಯಿತೆಂದು ಊರು ಒಂದು ಮಾಡಿದವನು ಬುಧವಾರ ಎಲ್ಲವನ್ನೂ ಬಿಟ್ಟುಕೊಡಲು ಸಿದ್ಧನಾಗಿದ್ದ. ಪೊಲೀಸ್ ಕೆಲಸದಲ್ಲಿ ಹನ್ನೊಂದು ವರ್ಷ ಕಳೆದಿದ್ದ ಸಿದರಾಯನಿಗೆ ಫಿರ್ಯಾದಿಯ ಇಂಥ ಔದಾರ್ಯ ಕಂಡರೆ ಫಿರ್ಯಾದಿಯ ಮೇಲೆಯೇ ಅನುಮಾನ ಬರುತ್ತಿತ್ತು.

"ಕಲ್ಮೇಶನ ನೌಕ್ರಿ ಹೋಗೇತಿ. ಅದನ್ನ ಯಾರ ವಾಪಸ್ ಕೊಡ್ತಾರ? ಹೇಳ್ರಿ, ಬಟ್ಟಿ ಹೊಲಿಯೂದು ಯಾರು?"

"ನಮ್ಮ ಮಾಲಾ. ಐದ ವರ್ಷದಿಂದ ಅದಾಳ. ಆಕಿ ನನಗ ತಂಗಿ ಇದ್ದಂಗ್ರಿ, ಆಕೀನ ಕೇಳಾಕ ಹೋಗಬ್ಯಾಡ್ರಿ."

"ಎಲ್ಲಿ ಕುಂತ ಹೊಲಿತಾಳ?"

ಅನಿಕೇತ ಕರವಸ್ತ್ರ ಮಡಿಚಿ ಕಿಸೆಗೆ ಹಾಕಿದ. "ಸಂಜೀಕ ಮನಿಗೆ ಒಯ್ತಾಳ್ರಿ, ಪೀರನವಾಡಿಗೆ. ಮುಂಜಾನೆ ತರ್ತಾಳ. ಆಮ್ಯಾಲ ನಾ ಸೀಲ್ ಹಾಕ್ತೀನಿ."

ಫೋಟೋ, ಕಾಟಾ, ಸಹಿ, ಅರಗು, ವಿಮೆ. ಇಷ್ಟೆಲ್ಲದರ ನಡುವೆ ಒಂದು ರಾತ್ರಿ ಪೂರ್ತಿ ಪಾರ್ಸೆಲ್ಲು ಪೀರನವಾಡಿಯ ಒಂದು ಮನೆಯಲ್ಲಿರುತ್ತಿತ್ತು. ಅದನ್ನು ಅವನು ಫಿರ್ಯಾದಿಯಲ್ಲಿ ಹೇಳಿರಲಿಲ್ಲ. ಬಚ್ಚಿಟ್ಟನೆಂದೂ ಅಲ್ಲ, ಮಾಲಾಳನ್ನು ಅನುಮಾನಿಸಬೇಕೆಂದು ಅವನ ತಲೆಗೇ ಬಂದಿರಲಿಲ್ಲ.

ಗುರುವಾರ ಬೆಳಿಗ್ಗೆ ಮಹಿಳಾ ಕಾನ್‌ಸ್ಟೆಬಲ್ ಪ್ರಮಿಳಾಳನ್ನು ಕರೆದುಕೊಂಡು ಸಿದರಾಯ ಪೀರನವಾಡಿಗೆ ಹೋದ. ಎರಡು ಕೋಣೆಯ ಮನೆ. ಗಂಡ ಉದ್ಯಮಬಾಗದ ಫೌಂಡ್ರಿಗೆ ಹೋಗಿದ್ದ. ಮಾಲಾ ಚಾಪೆಯ ಮೇಲೆ ಕುಳಿತು ಪಾರ್ಸೆಲ್ಲಿನ ಬಿಳಿ ಒರಟು ಕಾಡಾ ಬಟ್ಟೆಗೆ ದಬ್ಬಣ ಹಾಕುತ್ತಿದ್ದಳು. ಪೊಲೀಸರನ್ನು ನೋಡಿ ಎದ್ದು ನಿಂತಳು. ಗಾಬರಿಯಾದವಳಂತೆ ಕಾಣಲಿಲ್ಲ.

"ಬರ್ರಿ. ಕುಂದರ್ರಿ." ಚಾಪೆ ಕೊಡವಿ ಹಾಸಿದಳು. "ಕಲ್ಮೇಶನ್ನ ಹಿಡದೀರಂತ, ಖರೇನ್ರಿ?"

"ಯಾರ ಹೇಳಿದ್ರು?"

"ಅಂಗಡ್ಯಾಗ ಮಾತಾಡಾಕತ್ತಿದ್ರು. ಅಂವಾ ಏನೂ ಮಾಡಿಲ್ರಿ. ಅಂವನ್ನ ಬಿಡ್ರಿ."

"ಅಂವಾ ಮಾಡಿಲ್ಲ ಅಂತ ನಿನಗ ಹೆಂಗ ಗೊತ್ತವ್ವಾ?"

ಮಾಲಾ ದಬ್ಬಣವನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು. "ಡಬ್ಬಿ ತಗದಾಕಿ ನಾನ ರೀ."

ಪ್ರಮಿಳಾ ಬರೆದುಕೊಳ್ಳತೊಡಗಿದಳು. ಮಾಲಾ ನಿಧಾನವಾಗಿ, ಒಂದೂ ಮಾತು ತಪ್ಪದಂತೆ ಹೇಳಿದಳು. ಅವಳ ತವರು ಖಾನಾಪುರ ತಾಲೂಕಿನ ಬೀಡಿ ಎಂಬ ಊರು. ಡಬ್ಬಿ ತವರುಮನೆ ದೇವರದು. ಮುಚ್ಚಳದ ಮೇಲೆ ಎದುರಾಬದುರಾ ನಿಂತ ಎರಡು ಟಗರು, ಮುಟ್ಟಿ ಮುಟ್ಟಿ ಒಂದರ ಕೊಂಬು ಸವೆದುಹೋಗಿತ್ತು. ಕಾರಹುಣ್ಣಿಮೆಯ ಮುಂದೆ ಅದರ ಕೀಲು ಮುರಿಯಿತು. ನಮ್ಮ ಅಣ್ಣಾರ ಅಂಗಡಿಯಲ್ಲಿ ಬೆಸುಗೆ ಹಾಕಿಸಿ ತರುತ್ತೇನೆ ಎಂದು ಅವಳೇ ಅವ್ವನ ಕೈಯಿಂದ ಇಸಿದುಕೊಂಡು ಬಂದಳು. ಅಣ್ಣಾರು ಎಂದರೆ ಅವಳಿಗೆ ಅನಿಕೇತ.

"ಅವ್ವ ಕೊಡಾಕ ಒಲ್ಲೆ ಅಂದ್ಲ್ರಿ. ದೇವರ ಮನಿ ಡಬ್ಬಿ, ಊರ ಬಿಟ್ಟ ಹೋಗಬಾರದು ಅಂದ್ಲು. ನಾನ ಹಟಾ ಮಾಡಿದ್ನಿ. ಅಣ್ಣಾರು ಅಂಥವರಲ್ಲ ಅಂದ್ನಿ." ಅವಳ ದನಿ ಅಲ್ಲಿ ಒಂದಿಷ್ಟು ಸಡಿಲಿತು. "ತಿಂಗಳ ಆದ ಮ್ಯಾಲ ಅಣ್ಣಾರು ಕರದು, ತಪ್ಪಾತು ಮಾಲಾ, ಆಳು ನೋಡದ ಹಳೇ ಹಿತ್ತಾಳಿ ಜತಿ ಭಟ್ಟಿಗೆ ಹಾಕ್ಯಾನ, ಕರಗಿ ಹೋತು ಅಂದ್ರು. ಹೊಸಾ ಡಬ್ಬಿ ಕೊಟ್ರು. ರೊಕ್ಕಾ ತಗೊಳ್ಳಲಿಲ್ಲ. ನಾ ನಂಬಿದ್ನಿ. ಅವ್ವ ಆ ಹೊಸಾದ್ನ ದೇವರ ಮುಂದ ಇಡಾಕ ಒಪ್ಪಲಿಲ್ಲ. ಐದ ತಿಂಗಳ ನನ್ನ ಜೋಡಿ ಮಾತ ಬಿಟ್ಲು. ಡಬ್ಬಿ ಇಲ್ಲೇ ನನ್ನ ಹಂತ್ಯಾಕ ಉಳೀತು."

"ಆಮ್ಯಾಲ?"

"ಈ ತಿಂಗಳ ಒಂದ ಸಂಜೀಕ ಪೆಟ್ಟಿಗಿ ಒಯ್ಯಾಕ ಅಟ್ಟಾ ಏರಿದ್ನಿ. ಅಣ್ಣಾರು ಗಿರಾಕಿ ಬಂದಾರ ಅಂತ ಕೆಳಗ ಹೋಗಿದ್ರು. ಕಂಪ್ಯೂಟರ್ ಮ್ಯಾಲ ಫೋಟೋ ಹಂಗ ಇತ್ತು. ತಾಟಿನಷ್ಟ ದೊಡ್ಡದು. ತಿಕ್ಕಿ ಫಳಫಳ ಮಾಡಿದ್ರು. ಆದ್ರ ನಮ್ಮ ಟಗರು ನನಗ ಗುರುತ ಸಿಗೂದಿಲ್ಲೇನ್ರಿ? ಆ ಕೊಂಬ ಸವಿಸಿದಾವು ನಮ್ಮ ಕೈ."

ಫೋಟೋದ ಪಕ್ಕದಲ್ಲಿದ್ದ ನಂಬರೇ ಪೆಟ್ಟಿಗೆಯ ಮೇಲೂ ಇತ್ತು. ಅವಳು ಯಾರಿಗೂ ಏನೂ ಹೇಳದೆ ಪೆಟ್ಟಿಗೆ ತಂದಳು. ಪಟ್ಟಿಯನ್ನು ಬಿಸಿ ತಂಬಿಗೆಯಿಂದ ಮೆತ್ತಗೆ ಮಾಡಿ, ಸಹಿ ಹರಿಯದಂತೆ ಬಿಡಿಸಿ, ತಮ್ಮ ಡಬ್ಬಿ ತೆಗೆದುಕೊಂಡು, ಅಂಗಡಿಯವರು ಕೊಟ್ಟ ಡಬ್ಬಿಯನ್ನು ಅಂಗಡಿಯವರ ಪೆಟ್ಟಿಗೆಗೇ ಹಾಕಿ ಹೊಲಿದುಬಿಟ್ಟಳು.

"ಭಂಡಾರ ಯಾಕ ಹಾಕಿದಿ?"

ಅವಳಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬರೀ ಡಬ್ಬಿ ಹೆಂಗ ಕೊಡಾಕ ಬರ್ತೈತ್ರಿ? ಅವರು ಯಾರೋ ಏನೋ, ಅವರ ಮನೀಗೆ ಒಳ್ಳೇದ ಆಗಬೇಕಲ್ಲ."

"ಅಣ್ಣಾರನ್ನ ಒಂದ ಮಾತ ಕೇಳಬೇಕಿತ್ತು."

"ಕೇಳಿದ್ರ ಮತ್ತೊಂದ ಸುಳ್ಳ ಹೇಳ್ತಿದ್ರು. ಅದನ್ನೂ ನಾ ನಂಬತಿದ್ನಿ."

ಡಬ್ಬಿ ಈಗ ಎಲ್ಲಿದೆ ಎಂದು ಕೇಳಿದಾಗ ಮಾಲಾ ಮೊದಲ ಸಲ ಹೆದರಿದಳು. ಬೀಡಿಯಲ್ಲಿ, ಅವ್ವನ ಹತ್ತಿರ ಎಂದಳು. ಅದನ್ನು ಒಯ್ದು ಕೊಟ್ಟ ದಿನ ಅವ್ವ ಮಾತಾಡಿದ್ದಾಳೆ, ಅದನ್ನು ಮುಟ್ಟಬೇಡಿ, ಬೇಕಾದರೆ ನನ್ನನ್ನು ಒಯ್ಯಿರಿ ಎಂದಳು. ಸಿದರಾಯ ಏನನ್ನೂ ಒಪ್ಪಿಕೊಳ್ಳಲಿಲ್ಲ, ಏನನ್ನೂ ನಿರಾಕರಿಸಲಿಲ್ಲ. ಆ ಮೌನವನ್ನು ಅವಳು ಒಪ್ಪಿಗೆ ಎಂದುಕೊಂಡಳೆಂಬುದು ಅವನಿಗೆ ತಿಳಿದಿತ್ತು, ಆದರೂ ತಿದ್ದಲಿಲ್ಲ. ಪ್ರಮಿಳಾಳನ್ನು ಅವಳ ಜೊತೆ ಬಿಟ್ಟು ಜೀಪು ಹತ್ತಿದ.

ಖಾನಾಪುರ ಠಾಣೆಗೆ ತಿಳಿಸಿ, ಇಬ್ಬರು ಪಂಚರನ್ನು ಕರೆದುಕೊಂಡು ಬೀಡಿ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಮಾಲಾಳ ಅವ್ವ ಕಾಡವ್ವ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಭರಮಪ್ಪ, ಪಂಚರು ಜೀಪಿನ ಹತ್ತಿರವೇ ನಿಂತರು. ಸಿದರಾಯ ಒಬ್ಬನೇ ಮುಂದೆ ಹೋದ.

"ಯಾವೂರಪಾ?" ಎಂದು ಕೇಳಿದಳು ಮುದುಕಿ.

ಹೇಳಿದ. ಹೆಸರೂ ಹೇಳಿದ.

"ಸಿದರಾಯ ಅಂದ್ರ ನಮ್ಮಾಂವನ ಆದಿ. ನಿಮ್ಮವ್ವ ಅಪ್ಪ ಅದಾರೇನು?"

"ಅವ್ವ ಅದಾಳ. ಅಪ್ಪ ಹ್ವಾದ."

"ಬಾ, ಒಳಗ ಬಾ. ದೇವರಿಗೆ ಕೈ ಮುಗಿ. ಹಂಗ ಹೊರಗ ನಿಂದರಬಾರದು."

ಬಂದ ಕಾರಣವನ್ನು ಅಲ್ಲಿಯೇ, ಹೊಸ್ತಿಲ ಹೊರಗೆ ಹೇಳಿಬಿಡಬೇಕಿತ್ತು. ಸಿದರಾಯನಿಗೆ ಅದು ಗೊತ್ತಿತ್ತು. ಆದರೆ ಅವನು ಬೂಟು ಬಿಚ್ಚಿ ಒಳಗೆ ಹೋದ. ಅಪ್ಪ ಸತ್ತ ಮೇಲೆ ಅಂಥ ಕರೆ ಅವನಿಗೆ ಬಂದಿರಲಿಲ್ಲವೆಂದೋ, ಡಬ್ಬಿ ಎಲ್ಲಿದೆ ಎಂದು ಕಣ್ಣಾರೆ ನೋಡಬಹುದೆಂದೋ, ಅವನೇ ಹೇಳಲಾರ. ಕಾಡವ್ವ ಗೂಡಿನಿಂದ ಡಬ್ಬಿ ತೆಗೆದು ಉಣ್ಣೆ ಬಿಚ್ಚಿದಳು. ಎರಡು ಟಗರು, ಒಂದರ ಕೊಂಬು ಇರಲಿಲ್ಲ. ಅವನು ಟೋಪಿ ತೆಗೆದು ತಲೆ ಬಾಗಿಸಿದ. ಅವಳು ಹಣೆಯ ತುಂಬ ಭಂಡಾರ ಹಚ್ಚಿ, "ಬೀರಪ್ಪ ನಿನ್ನ ಕಾಯಲಿ," ಎಂದಳು.

ಸಿದರಾಯ ತಲೆ ಎತ್ತಿ, "ಯವ್ವಾ, ಆ ಡಬ್ಬಿ ಈಗ ನಾ ಒಯ್ಯಬೇಕು," ಎಂದ.

ಮೊದಲಿಗೆ ಅವಳಿಗೆ ತಿಳಿಯಲಿಲ್ಲ. ಪಂಚರು ಒಳಗೆ ಬಂದು, ಭರಮಪ್ಪ ಕಾಗದ ತೆಗೆದ ಮೇಲೆ ತಿಳಿಯಿತು. ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು.

"ನಮ್ಮಾಂವ ಅಂತ ಹಚ್ಚಿದ್ನೆಲ್ಲೋ ನಿನಗ."

"ಕಾಯ್ದೆ ಐತಿ ಯವ್ವಾ. ಪಾವತಿ ಕೊಡ್ತೀನಿ. ಕೋರ್ಟಿಗೆ ತೋರಿಸಿ ನಿನಗ ವಾಪಸ್ ಕೊಡಸ್ತೀನಿ."

"ಮಾಲಾನೂ ಒಯ್ಯೂ ಮುಂದ ಹಿಂಗ ಹೇಳಿದ್ಲು," ಎಂದಳು ಕಾಡವ್ವ. "ಆ ಅಂಗಡಿಯಾಂವನೂ ಆಕಿಗೆ ಹಿಂಗ ಹೇಳಿದ್ನಂತ. ನೀ ಮೂರನೇದಾಂವ."

ಕೊನೆಗೆ ಅವಳೇ ಡಬ್ಬಿಯನ್ನು ನೆಲದ ಮೇಲಿಟ್ಟು ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಮಧ್ಯಾಹ್ನ ೩-೧೫ರಿಂದ ೩-೫೦ರವರೆಗೆ ಜಪ್ತಿ ಪಂಚನಾಮೆ ನಡೆಯಿತು. ಪಾವತಿಯ ಚೀಟಿಯನ್ನು ಅವಳು ಮುಟ್ಟಲಿಲ್ಲ, ಪಕ್ಕದ ಮನೆಯವರ ಕೈಗೆ ಕೊಟ್ಟು ಬರಬೇಕಾಯಿತು. ಖಾನಾಪುರ ದಾಟಿದ ಮೇಲೆ ಭರಮಪ್ಪ, "ಸಾಹೇಬ್ರ, ಹಣಿ ಒರಸ್ಕೋರಿ," ಎಂದ. ಸಿದರಾಯ ಒರೆಸಿಕೊಳ್ಳಲಿಲ್ಲ. ಅದಕ್ಕೆ ತಾನು ಯೋಗ್ಯನೆಂದಲ್ಲ, ಒರೆಸಿದರೆ ಇನ್ನೂ ಕೀಳಾಗುತ್ತೇನೆ ಎನಿಸಿ.

ಶುಕ್ರವಾರ ಬೆಳಿಗ್ಗೆ ಸರಕಾರಿ ವಕೀಲರನ್ನು ಕಂಡ. ತನ್ನ ಮನೆಯದೆಂಬ ನಂಬಿಕೆಯಿಂದ ತೆಗೆದುಕೊಂಡದ್ದು ಕಳವು ಆಗುವುದಿಲ್ಲ, ಮಾಲಾಳ ಫಿರ್ಯಾದಿಯನ್ನೇ ಬೇರೆ ತೆಗೆದುಕೊಳ್ಳಿ ಎಂದರು ಅವರು. ಅವಳು ಠಾಣೆಗೆ ಬಂದು ಹೇಳಿಕೆ ಕೊಟ್ಟಳು. ರಿಪೇರಿಗೆಂದು ನಂಬಿ ಕೊಟ್ಟ ವಸ್ತುವನ್ನು ತನ್ನದೆಂದು ಮಾರಿದ್ದಕ್ಕೆ ನಂಬಿಕೆದ್ರೋಹ ಮತ್ತು ವಂಚನೆಯ ಗುನ್ನೆ ದಾಖಲಾಯಿತು. ಆರೋಪಿ ಅನಿಕೇತ.

ಅದೇ ದಿನ, ರವಿವಾರ ಪೇಟೆಯ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದ ಹೊತ್ತು. ಗಲ್ಲೆಯ ಮೇಲೆ ಕುಳಿತಿದ್ದ ಬಾಳಾಸಾಹೇಬರು ಪೊಲೀಸರನ್ನು ನೋಡಿ, ಕಳ್ಳ ಸಿಕ್ಕನೇನೋ ಎಂದು ಎದ್ದು ಬಂದರು.

"ಸಿಕ್ಕಾನ್ರಿ?"

"ಸಿಕ್ಕಾನ್ರಿ. ಅನಿಕೇತ, ಕೆಳಗ ಬರ್ರಿ."

ಅನಿಕೇತ ವಾದ ಮಾಡಲಿಲ್ಲ. ಅಟ್ಟದಿಂದ ಇಳಿದು ಚಪ್ಪಲಿ ಹಾಕಿಕೊಂಡ. ಅಪ್ಪನ ಮುಖ ನೋಡದೆ ಜೀಪು ಹತ್ತಿದ. ಯಾರೂ ಅವನ ಕೊರಳಪಟ್ಟಿ ಹಿಡಿಯಲಿಲ್ಲ, ಅಷ್ಟರಮಟ್ಟಿಗೆ ಅವನು ಕಲ್ಮೇಶನಿಗಿಂತ ಪುಣ್ಯವಂತ.

ಠಾಣೆಯಲ್ಲಿ ಅವನು ಕೊಟ್ಟ ಹೇಳಿಕೆ ದೊಡ್ಡದೇನಲ್ಲ. ಡಬ್ಬಿ ಬಂದ ದಿನವೇ ಬೆಸುಗೆ ಆಗಿತ್ತು. ಕೊಡುವ ಮೊದಲು, ಇದಕ್ಕೆ ಎಷ್ಟು ಬಂದೀತೆಂದು ಸುಮ್ಮನೆ ನೋಡಲು ಫೋಟೋ ಹಾಕಿದ. ಯಾರೋ ಬೆಲೆ ಕೂಗಿದರು. ಕೂಗಿದ ಮೇಲೆ ಹಿಂದೆಗೆದರೆ ಮಾತಿಗೆ ತಪ್ಪುವ ವ್ಯಾಪಾರಿ ಎಂದು ಹೆಸರಿನ ಮುಂದೆ ಕಪ್ಪು ಗುರುತು ಬೀಳುತ್ತದೆ. ಎಂದೂ ಕಾಣದ ಮನುಷ್ಯನಿಗೆ ಕೊಟ್ಟ ಮಾತು ಮುರಿಯಲು ಹೆದರಿ, ದಿನಾ ಎದುರಿಗೆ ಬರುವವಳಿಗೆ ಕೊಟ್ಟ ಮಾತು ಮುರಿದ. ಕರಗಿ ಹೋಯಿತು ಎಂದುಬಿಟ್ಟ. ಆ ಗಿರಾಕಿ ಕೊನೆಗೆ ಕೊಳ್ಳಲೇ ಇಲ್ಲ. ಡಬ್ಬಿ ಕೈಯಲ್ಲೇ ಉಳಿಯಿತು. ಆದರೆ ಕರಗಿದ ಡಬ್ಬಿಯನ್ನು ತಿರುಗಿ ಕೊಡುವುದು ಹೇಗೆ? ಕಣ್ಣ ಮುಂದೆ ಇಲ್ಲದಿದ್ದರೆ ಸಾಕೆಂದು ಮತ್ತೆ ಹರಾಜಿಗೆ ಹಾಕಿ ಪುಣೆಗೆ ಮಾರಿದ.

"ತಗೊಳ್ಳಾವ್ರು ಮೋಸಾ ಮಾಡಬಾರದು ಅಂತ ಇಷ್ಟೆಲ್ಲ ಮಾಡಿದ್ರಿ," ಎಂದ ಸಿದರಾಯ. "ನಿಮ್ಮಿಂದ ಮೋಸಾ ಆಗಬಾರದು ಅಂತ ಆಕಿ ಏನ ಮಾಡಬೇಕಿತ್ತು?"

ಕಲ್ಮೇಶನ ಮೇಲಿನ ಕೇಸಿನಲ್ಲಿ ಹುರುಳಿಲ್ಲವೆಂದು 'ಬಿ' ರಿಪೋರ್ಟ್ ಬರೆದು, ಕೊರಿಯರ್ ಮ್ಯಾನೇಜರಿಗೆ ಸಿದರಾಯ ತಾನೇ ಫೋನ್ ಮಾಡಿದ. ಡಬ್ಬಿಯನ್ನು ಕಾಡವ್ವನ ವಶಕ್ಕೆ ಕೊಡಬೇಕೆಂದು ನ್ಯಾಯಾಲಯಕ್ಕೆ ವರದಿಯನ್ನೂ ತನ್ನ ಕೈಯಿಂದಲೇ ಬರೆದ. ಕೊಡುವುದು ಬಿಡುವುದು ಇನ್ನು ನ್ಯಾಯಾಲಯದ್ದು.

ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಒಯ್ಯುವ ಹೊತ್ತಿಗೆ ಮಾಲಾ ಇನ್ನೂ ಠಾಣೆಯ ಪಡಸಾಲೆಯಲ್ಲಿದ್ದಳು. ಹೇಳಿಕೆಯ ಕೊನೆಯ ಹಾಳೆಗೆ ಅವಳ ಸಹಿ ಬಾಕಿ ಇತ್ತು. ಅನಿಕೇತನನ್ನು ಹೊರಗೆ ತಂದಾಗ ಅವಳು ಎದ್ದು ನಿಂತಳು. ಅಣ್ಣಾರು ಬಂದಾಗ ಎದ್ದು ನಿಲ್ಲುವ ರೂಢಿ ಐದು ವರ್ಷದ್ದು.

"ಅಣ್ಣಾರ, ಒಂದ ಮಾತ ಕೇಳ್ಲೆ?"

ಭರಮಪ್ಪ ಸಿದರಾಯನ ಮುಖ ನೋಡಿದ. ಸಿದರಾಯ ತಲೆಯಾಡಿಸಿದ.

"ಕರಗಿ ಹೋತು ಅಂತ ಹೇಳಿದ ದಿನಾ ಅಟ್ಟದ ಮ್ಯಾಲ ಕುಂತ ನಾ ಅಳಾಕತ್ತಿದ್ನಿ. ನೀವ ಕೆಳಗ ಇಳದು ಹೋಗಿ ನೀರ ತಂದ ಕೊಟ್ರಿ. ಆವಾಗ ಡಬ್ಬಿ ಎಲ್ಲಿತ್ರಿ?"

"ಅಲ್ಲೇ ಇತ್ತು," ಎಂದ ಅನಿಕೇತ. "ನಿನ್ನ ಹಿಂದಿನ ಪೆಟ್ಟಿಗ್ಯಾಗ."

ಮಾಲಾ ಅಳಲಿಲ್ಲ. ಬೈಯಲೂ ಇಲ್ಲ. ಅವಳು ಬೈದಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು.

"ನಾ ಆ ನೀರ ಕುಡದ್ನಿ," ಎಂದಳು. "ಕುಡದು, ಪಾಪ ಅಣ್ಣಾರಿಗೆ ಎಷ್ಟ ಕೆಟ್ಟ ಅನಿಸಿರಬೇಕು ಅಂತ ನಿಮಗ ಸಮಾಧಾನ ಹೇಳಿದ್ನಿ."

ಅನಿಕೇತನನ್ನು ಜೀಪಿಗೆ ಹತ್ತಿಸಿದರು. ಪ್ರಮಿಳಾ ಹಾಳೆಯನ್ನು ಮುಂದೆ ಹಿಡಿದು ಜಾಗ ತೋರಿಸಿದಳು, ಮಾಲಾ ಬಗ್ಗಿ ಅಲ್ಲಿ ತನ್ನ ಹೆಸರು ಬರೆದಳು.